ವಿಮಾನಕ್ಕೂ ಒಂದು ತಕ್ಕಡಿ ಇದೆ

ವಿಮಾನ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಬೋಯಿಂಗ್, ಏರ್‌ಬಸ್. ಇವತ್ತು ನಾನು ಮಾತಾಡೋದು ಹದಿನಾಲ್ಕು ಜನ ಕೂರೋ ಪುಟ್ಟ ವಿಮಾನವೊಂದರ ಬಗ್ಗೆ. ಅದರ ಹೆಸರು ಸಾರಸ್. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಎನ್‌ಎಎಲ್ ಪ್ರಯೋಗಾಲಯದಲ್ಲಿ.

ಇದು ಟರ್ಬೋಪ್ರಾಪ್ ವಿಮಾನ. ಹಾಗಂದ್ರೇನು? ಒಳಗೆ ಇರೋದು ಜೆಟ್ ವಿಮಾನದಲ್ಲಿರೋ ಥರದ್ದೇ ಟರ್ಬೈನ್. ಆದರೆ ಅದರ ಶಕ್ತಿಯಲ್ಲಿ ಹೆಚ್ಚಿನ ಪಾಲು ಗೇರ್ ಮೂಲಕ ಹೋಗಿ ಪ್ರೊಪೆಲ್ಲರ್ ತಿರುಗಿಸುತ್ತೆ. ಜೆಟ್‌ನಷ್ಟು ವೇಗ ಸಿಗಲ್ಲ, ನಿಜ. ಆದರೆ ಹತ್ತಿರದ ಊರುಗಳಿಗೆ ಹೋಗೋಕೆ ಇಂಧನ ಕಡಿಮೆ ಸಾಕು, ಚಿಕ್ಕ ರನ್‌ವೇ ಸಾಕು.

ಸಾರಸ್‌ನಲ್ಲಿ ಇನ್ನೊಂದು ವಿಶೇಷ ಇದೆ. ಬಹಳಷ್ಟು ಟರ್ಬೋಪ್ರಾಪ್‌ಗಳಲ್ಲಿ ಎಂಜಿನ್ ರೆಕ್ಕೆಯ ಮೇಲಿರುತ್ತೆ, ಪ್ರೊಪೆಲ್ಲರ್ ವಿಮಾನವನ್ನು ಮುಂದಕ್ಕೆ ಎಳೆಯುತ್ತೆ. ಸಾರಸ್‌ನಲ್ಲಿ ಎರಡೂ ಎಂಜಿನ್ ಹಿಂಭಾಗದಲ್ಲಿವೆ. ಪ್ರೊಪೆಲ್ಲರ್ ಹಿಂದಿನಿಂದ ತಳ್ಳುತ್ತೆ. ಅದರ ಸದ್ದು ಪ್ರಯಾಣಿಕರಿಂದ ದೂರ ಉಳಿಯುತ್ತೆ.

ಕಾಗದದ ಮೇಲಿದ್ದ ಗುರಿಗಳನ್ನ ಕೇಳಿ. ಗಂಟೆಗೆ 600 ಕಿ.ಮೀ.ಗಿಂತ ಹೆಚ್ಚು ವೇಗ. ಏರೋಕೆ, ಇಳಿಯೋಕೆ ಸುಮಾರು 600 ಮೀಟರ್. ಮೈಸೂರು ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಇದೆ, ಹೋಲಿಸಿ ನೋಡಿ. ಹದಿನಾಲ್ಕು ಜನರನ್ನ ಕೂರಿಸಿಕೊಂಡ್ರೆ 1,200 ಕಿ.ಮೀ., ಎಂಟೇ ಜನ ಇದ್ರೆ 2,000 ಕಿ.ಮೀ. ಯಾಕೆ ಈ ವ್ಯತ್ಯಾಸ? ಜನ, ಲಗೇಜು, ಇಂಧನ, ಎಲ್ಲವೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಜನ ಜಾಸ್ತಿ ಆದ್ರೆ ಇಂಧನ ಕಮ್ಮಿ ಮಾಡಬೇಕು. ಚಿಕ್ಕ ವಿಮಾನದಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಸಾರಸ್ ಎಡವಿದ್ದು ಈ ತಕ್ಕಡಿಯ ಮೇಲೇ. ಖಾಲಿ ವಿಮಾನದ ತೂಕ ಸುಮಾರು 4,125 ಕೆ.ಜಿ. ಇರಬೇಕು ಅನ್ನೋದು ವಿನ್ಯಾಸ. 2004ರ ಮೇ 29ರಂದು ಮೊದಲ ಮಾದರಿ ಎಚ್‌ಎಎಲ್ ನಿಲ್ದಾಣದಿಂದ ಹಾರಿತು. ಅದರ ತೂಕ ಸುಮಾರು 5,118 ಕೆ.ಜಿ. ಒಬ್ಬರಿಗೆ 75 ಕೆ.ಜಿ. ಅಂತ ಲೆಕ್ಕ ಹಾಕಿ. ಹದಿನಾಲ್ಕು ಸೀಟಿನ ವಿಮಾನದಲ್ಲಿ ಬಾಗಿಲು ತೆಗೆಯೋ ಮೊದಲೇ ಹದಿಮೂರು ಜನ ಹತ್ತಿ ಕೂತ ಹಾಗಾಯ್ತು! ಎರಡನೇ ಮಾದರಿಗೆ ಹಗುರ ಕಾಂಪೋಸಿಟ್ ಭಾಗಗಳನ್ನ ಹಾಕಿದ್ರು. 850 ಅಶ್ವಶಕ್ತಿಯ ಎಂಜಿನ್ ಬದಲು 1,200 ಅಶ್ವಶಕ್ತಿಯದ್ದು ಕೂರಿಸಿದ್ರು. 2007ರ ಏಪ್ರಿಲ್‌ನಲ್ಲಿ ಅದು ಹಾರಿತು.

ಆಮೇಲೆ 2009ರ ಮಾರ್ಚ್ 6. ಹಾರಾಟದಲ್ಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡೋ ಪರೀಕ್ಷೆ. ವಿಮಾನ ಬಿಡದಿ ಹತ್ತಿರ ಬಿತ್ತು. ಇಬ್ಬರು ಪೈಲಟ್‌ಗಳು, ಒಬ್ಬ ಪರೀಕ್ಷಾ ಎಂಜಿನಿಯರ್, ವಾಯುಪಡೆಯ ಮೂವರೂ ತೀರಿಕೊಂಡರು. ವಿನ್ಯಾಸಕರು ಹಾಕಿಕೊಟ್ಟ ಮರುಚಾಲನೆಯ ಕ್ರಮವೇ ಸರಿ ಇರಲಿಲ್ಲ, ಅದನ್ನ ಮಾಡಿದಾಗ ಸಾಕಷ್ಟು ಎತ್ತರವೂ ಇರಲಿಲ್ಲ ಅಂತ ತನಿಖಾ ವರದಿ ಹೇಳಿತು. ಅಲ್ಲಿಗೆ ಹಾರಾಟ ನಿಂತಿತು. ಮತ್ತೆ ಸಾರಸ್ ಆಕಾಶ ಕಂಡಿದ್ದು 2018ರ ಜನವರಿ 24ರಂದು. ಈಗ ಹತ್ತೊಂಬತ್ತು ಸೀಟಿನ ಸಾರಸ್ ಮಾರ್ಕ್-2 ಯೋಜನೆ.

ಇಷ್ಟೆಲ್ಲ ಆದಮೇಲೆ ಇದು ಬೇಕಾ ಅಂತ ಕೇಳೋರಿದ್ದಾರೆ. ಬೇಕು ಅಂತಾನೇ ನಾನು ಹೇಳ್ತೀನಿ. 2022ರ ಏಪ್ರಿಲ್ 12ರಂದು ಅಸ್ಸಾಂನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಡಾರ್ನಿಯರ್ 228 ವಿಮಾನ ಪ್ರಯಾಣಿಕರನ್ನ ಕರ್ಕೊಂಡು ಹೋಯ್ತು. ಅದೂ ಪುಟ್ಟ ಟರ್ಬೋಪ್ರಾಪ್. ಕಟ್ಟಿದ್ದು ಎಚ್‌ಎಎಲ್‌ನ ಕಾನ್ಪುರ ಘಟಕ, ಆದರೆ ವಿನ್ಯಾಸ ಜರ್ಮನಿಯದ್ದು. ದೊಡ್ಡ ಜೆಟ್ ಹೋಗಲಾಗದ ಊರುಗಳಲ್ಲೂ ಜನ ಇದ್ದಾರೆ ಸ್ವಾಮಿ. ಅಲ್ಲಿ ಗರ್ಭಿಣಿಯರಿದ್ದಾರೆ, ರೋಗಿಗಳಿದ್ದಾರೆ, ಪರೀಕ್ಷೆ ಬರೆಯೋಕೆ ಹೊರಟ ಮಕ್ಕಳಿದ್ದಾರೆ.

ಆದರೆ ಒಂದು ಮಾತು. ನಾಳೆ ಹೊಸ ಸಾರಸ್ ಹ್ಯಾಂಗರ್‌ನಿಂದ ಹೊರಗೆ ಬರುತ್ತೆ. ಹಾರ ಹಾಕ್ತಾರೆ, ಕಾಯಿ ಒಡೀತಾರೆ. ನಾವು ಟಿವಿಯವರು ದಿನವಿಡೀ ತೋರಿಸ್ತೀವಿ. ತೋರಿಸೋಣ, ಹೆಮ್ಮೆನೂ ಪಡೋಣ. ಜೊತೆಗೆ ನಾಲ್ಕು ಪ್ರಶ್ನೆ ಕೇಳೋಣ. ಹೇಳಿದ ತೂಕ ಎಷ್ಟು, ತೂಗಿದಾಗ ಬಂದಿದ್ದೆಷ್ಟು? ಎಲ್ಲ ಸೀಟೂ ತುಂಬಿದರೆ ಎಷ್ಟು ದೂರ ಹೋಗುತ್ತೆ? ಒಂದು ಎಂಜಿನ್ ನಿಂತರೆ ಸುರಕ್ಷಿತವಾಗಿ ಇಳಿಯುತ್ತಾ? ಆ ಪರೀಕ್ಷೆಯ ಕ್ರಮವನ್ನ ಬೇರೆಯವರೂ ಪರಿಶೀಲಿಸಿದ್ದಾರಾ?

ಈ ಪ್ರಶ್ನೆಗಳನ್ನ ಕೇಳಿದ್ರೆ ದೇಶಕ್ಕೆ ಅವಮಾನ ಏನೂ ಆಗಲ್ಲ. ಬಿಡದಿಯಲ್ಲಿ ಜೀವ ಕೊಟ್ಟ ಆ ಮೂವರು ವಿಮಾನ ಹತ್ತುತ್ತಿದ್ದದ್ದೇ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕೋಕೆ. ಅವರು ಆಕಾಶದಲ್ಲಿ ಕೇಳಿದ್ದನ್ನ ನಾವು ನೆಲದ ಮೇಲಿದ್ದುಕೊಂಡಾದರೂ ಕೇಳಬೇಡವೇ? ಯೋಚನೆ ಮಾಡಿ.