ಲೀಟರಿನ ಲೆಕ್ಕವೂ ಒರತೆಯ ಎತ್ತರವೂ



ಮಳೆಗಾಲ ಬಲಿತ ಮೇಲೆ ಮಲೆನಾಡಿನ ಮನೆಗಳ ಹಿಂದಿನ ಧರೆಯಲ್ಲಿ ಒರತೆ ಒಸರುವುದು ಎಲ್ಲರೂ ಕಂಡ ಸಂಗತಿ. ಗುಡ್ಡದ ಮೇಲೆ ಬಿದ್ದ ಮಳೆಯೇ ಮಣ್ಣಿನ ಕಣಗಳ ಸಂದುಗಳಲ್ಲಿ ನುಸುಳಿ, ನಿಧಾನವಾಗಿ ಇಳಿದು, ಧರೆಯ ಮುಖಕ್ಕೆ ಬಂದಿರುತ್ತದೆ. ಈ ಪಯಣವನ್ನು ಗಣಿತವು ಹೇಗೆ ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಇಂದಿನ ವಿಷಯ.

ದ್ರವದ ಚಲನೆಯನ್ನು ವಿವರಿಸಲು ನೇವಿಯರ್–ಸ್ಟೋಕ್ಸ್ ಸಮೀಕರಣಗಳಿವೆ. ಆದರೆ ಒಂದು ಹಿಡಿ ಮರಳಿನಲ್ಲಿಯೇ ಲೆಕ್ಕಕ್ಕೆ ಸಿಗದಷ್ಟು ಸಂದುಗಳಿರುತ್ತವೆ. ಒಂದೊಂದರ ಆಕಾರವನ್ನೂ ಅಳೆದು ಇಡೀ ಗುಡ್ಡದ ಲೆಕ್ಕ ಬಿಡಿಸುವುದು ಆಗದ ಕೆಲಸ. ಆದ್ದರಿಂದ ಅಂದಾಜು ಅನಿವಾರ್ಯ. ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ನೋಡಿ, 1856ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ನೀರಿನ ಮಟ್ಟಗಳ ಅಂತರ ಇಮ್ಮಡಿಯಾದರೆ ಹರಿವೂ ಇಮ್ಮಡಿ; ದಾರಿ ಇಮ್ಮಡಿ ಉದ್ದವಾದರೆ ಹರಿವು ಅರ್ಧ. ಸಂದುಗಳ ಜಟಿಲತೆಯೆಲ್ಲವೂ ‘ವಾಹಕತೆ’ ಎಂಬ ಒಂದೇ ಸಂಖ್ಯೆಯಲ್ಲಿ ಅಡಗಿತು.

1863ರಲ್ಲಿ ಜೂಲ್ ಡ್ಯುಪುಯಿ ಮತ್ತೊಂದು ಹೆಜ್ಜೆ ಇಟ್ಟನು. ಅಂತರ್ಜಲದ ಮೇಲ್ಮೈ ಬಹುಮಟ್ಟಿಗೆ ಸಮತಟ್ಟಾಗಿದ್ದರೆ ನೀರು ಅಡ್ಡಲಾಗಿಯೇ ಹರಿಯುತ್ತದೆ ಎಂದು ಭಾವಿಸಬಹುದು ಎಂಬುದು ಅವನ ಅಂದಾಜು. ಇದರಿಂದ ಲೆಕ್ಕ ಬಹಳ ಸುಲಭವಾಯಿತು. ನೀರು ಇಳಿಯದ ಗಟ್ಟಿ ತಳದ ಮೇಲೆ ನಿಂತ, ನೇರ ಮುಖಗಳ ಒಂದು ಮಣ್ಣಿನ ದಿಂಡನ್ನು ಊಹಿಸೋಣ. ಅದರ ಅಗಲ 90 ಮೀಟರ್. ಒಂದು ಬದಿಯಲ್ಲಿ 10 ಮೀಟರ್, ಇನ್ನೊಂದು ಬದಿಯಲ್ಲಿ 8 ಮೀಟರ್ ನೀರು. ವಾಹಕತೆ ದಿನಕ್ಕೆ 1 ಮೀಟರ್. ಎರಡು ಎತ್ತರಗಳ ವರ್ಗಗಳ ವ್ಯತ್ಯಾಸ 36. ಅದನ್ನು ಅಗಲದ ಎರಡರಷ್ಟರಿಂದ, ಎಂದರೆ 180ರಿಂದ ಭಾಗಿಸಿದರೆ 0.2. ದಿಂಡಿನ ಉದ್ದದ ಪ್ರತಿ ಮೀಟರಿಗೆ ದಿನಕ್ಕೆ 200 ಲೀಟರ್ ನೀರು ಜಿನುಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಇಂಥ ದಿಂಡಿನ ಮಟ್ಟಿಗೆ ಡ್ಯುಪುಯಿಯ ಸೂತ್ರ ಕೊಡುವ ಪ್ರಮಾಣ ಅಂದಾಜಲ್ಲ, ಪೂರ್ಣ ನಿಖರ ಎಂದು ಸೋವಿಯತ್ ವಿಜ್ಞಾನಿ ಚಾರ್ನಿ 1951ರಲ್ಲಿ ಸಾಧಿಸಿ ತೋರಿಸಿದನು. ಆದರೆ ಅದೇ ಸೂತ್ರ ನೀರು ಹೊರಬೀಳುವ ಎತ್ತರವನ್ನು ತಪ್ಪಾಗಿ ಹೇಳುತ್ತದೆ. ಸೂತ್ರದ ಪ್ರಕಾರ ಅಂತರ್ಜಲವು ಆಚೆ ಬದಿಯ ನೀರಿನ ಮಟ್ಟಕ್ಕೇ ಬಂದು ಸೇರಬೇಕು; ವಾಸ್ತವವಾಗಿ ಅದು ಇನ್ನೂ ಮೇಲೆ, ಬಯಲಾದ ಮುಖದಲ್ಲಿಯೇ ಒಸರುತ್ತದೆ. ಲೀಟರಿನ ಲೆಕ್ಕ ಸರಿ, ಒರತೆಯ ಎತ್ತರ ತಪ್ಪು. ತೋಟಕ್ಕೆ ನೀರು ಬೇಕಾದವನಿಗೆ ಲೀಟರು ಸಾಕು. ಧರೆಯ ಕೆಳಗೆ ಮನೆ ಕಟ್ಟಿದವನಿಗೆ ಎತ್ತರವೇ ಮುಖ್ಯ. ಒಸರುವ ನೀರು ಅಲ್ಲಿಯೇ ಮಣ್ಣಿನ ಕಣಗಳನ್ನು ಹೊರಕ್ಕೆ ತಳ್ಳುತ್ತದೆ, ಸಂದುಗಳಲ್ಲಿನ ಒತ್ತಡ ಅಲ್ಲಿಯೇ ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ.

ಒಳ್ಳೆಯ ಅಂದಾಜು ತನ್ನ ಷರತ್ತನ್ನು ತಾನೇ ಹೇಳುತ್ತದೆ. 1953ರಲ್ಲಿ ಬರ್ಮನ್, ಗೋಡೆಗಳೇ ಸಚ್ಛಿದ್ರವಾದ ಕಿರುಗಾಲುವೆಯ ಹರಿವನ್ನು ಶ್ರೇಣಿಯ ಮೊದಲ ಕೆಲವು ಪದಗಳಿಂದ ಬಿಡಿಸಿದಾಗ, ಗೋಡೆಯ ಮೂಲಕ ಸೋರುವ ವೇಗ ಅಲ್ಪವಾಗಿರಬೇಕು ಎಂಬ ಷರತ್ತು ಅದರಲ್ಲಿತ್ತು. ಸಚ್ಛಿದ್ರ ಗೋಡೆಯ ಮೇಲ್ಮೈಯಲ್ಲಿ ನೀರು ನಿಲ್ಲದೆ ಜಾರುತ್ತದೆ ಎಂದು 1967ರಲ್ಲಿ ಬೀವರ್ಸ್ ಮತ್ತು ಜೋಸೆಫ್ ತೋರಿಸಿದರು. ಸಚ್ಛಿದ್ರ ಪದರ ತೆಳುವಾಗಿದ್ದರೆ ಆ ನಿಯಮ ಹೇಗೆ ಬದಲಾಗಬೇಕು ಎಂಬುದನ್ನು ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎನ್. ರುದ್ರಯ್ಯನವರು 1985ರಲ್ಲಿ ವಿವರಿಸಿದರು. ಷರತ್ತು ಮುರಿದಲ್ಲಿ ಸೂತ್ರವನ್ನು ತಿದ್ದುವುದೇ ಈ ಶಾಸ್ತ್ರದ ಕ್ರಮ.

ಘಟ್ಟದಲ್ಲಿ ಷರತ್ತುಗಳು ಮುರಿಯುವುದೇ ಹೆಚ್ಚು. ಇಲ್ಲಿ ಇಳಿಜಾರು ಕಡಿದು. ಡ್ಯುಪುಯಿಯ ಸಮತಟ್ಟು ಮೇಲ್ಮೈ ಇಲ್ಲಿಲ್ಲ. ಜಂಬಿಟ್ಟಿಗೆಯಲ್ಲಿ ತೂತು, ಬಿಲಗಳಿರುತ್ತವೆ. ಅವುಗಳಲ್ಲಿ ನೀರು ನುಸುಳುವುದಿಲ್ಲ, ಓಡುತ್ತದೆ. ಓಡುವ ನೀರಿಗೆ ಡಾರ್ಸಿಯ ನಿಯಮ ಸಾಲದೆಂದೇ ಫೋರ್ಕ್‌ಹೈಮರ್ 1901ರಲ್ಲಿ ವೇಗದ ವರ್ಗವನ್ನೂ ಸೇರಿಸಿದನು. ಅದರ ಕೆಳಗಿನ ಶೇಡಿ ಮಣ್ಣಿನ ಸ್ವಭಾವವೇ ಬೇರೆ: ನೀರನ್ನು ಬೇಗ ಬಿಟ್ಟುಕೊಡದು, ನೆನೆದರೆ ಬಲ ಕಳೆದುಕೊಳ್ಳುತ್ತದೆ. ಇಷ್ಟನ್ನೂ ಸರಾಸರಿ ವಾಹಕತೆಯೊಂದರಲ್ಲಿ ಅಡಗಿಸಿದರೆ ಉತ್ತರವೇನೋ ಬರುತ್ತದೆ, ಆದರೆ ಅದು ಆ ಗುಡ್ಡದ ಉತ್ತರವಾಗಿರುವುದಿಲ್ಲ.

2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಅದೇ ತಿಂಗಳ 30ರಂದು ವಯನಾಡು ಕಂಡ ಕುಸಿತಗಳಿಗೆ ಕಾರಣಗಳು ಹಲವು. ಎಲ್ಲದರಲ್ಲಿಯೂ ಗುಡ್ಡದೊಳಗೆ ತುಂಬಿದ ನೀರಿನ ಪಾಲಿದೆ. ಹಾಗೆಂದು ನೀರಿಂಗಿಸುವುದೇ ತಪ್ಪೆಂದಲ್ಲ. ಇಳಿಜಾರು ಕಡಿಮೆಯಿರುವ ಬೆಟ್ಟ, ಬೇಣಗಳಲ್ಲಿ ಇಂಗುಗುಂಡಿ ಬೇಸಗೆಯ ಬಾವಿಯನ್ನು ಉಳಿಸುತ್ತದೆ. ಆದರೆ ಕಡಿದಾದ ಧರೆಯ ನೆತ್ತಿಯಲ್ಲಿ ಅದೇ ಗುಂಡಿ ಒರತೆಯನ್ನು ಮೇಲಕ್ಕೇರಿಸೀತು. ಆದ್ದರಿಂದ ಯೋಜನೆಯ ನಕ್ಷೆ ಊರಿಗೆ ಬಂದಾಗ ಎಷ್ಟು ಲಕ್ಷ ಲೀಟರು ಇಂಗುತ್ತದೆ ಎಂದು ಕೇಳಿದರೆ ಸಾಲದು. ಆ ನೀರು ಎಲ್ಲಿ, ಯಾವ ಎತ್ತರದಲ್ಲಿ ಹೊರಬರುತ್ತದೆ, ಲೆಕ್ಕಕ್ಕೆ ಹಿಡಿದ ವಾಹಕತೆ ಯಾವ ಮಣ್ಣಿನದು, ಬಿಲಗಳನ್ನು ಯಾರಾದರೂ ನೋಡಿದ್ದಾರೆಯೇ ಎಂದೂ ಕೇಳಬೇಕು. ಈ ಪ್ರಶ್ನೆಗಳಿಗೆ ಬೇಕಾದ ಅರ್ಧ ಉತ್ತರ ಪ್ರತಿ ಮಳೆಗಾಲದಲ್ಲಿಯೂ ಧರೆಯನ್ನು ನೋಡುತ್ತ ಬಂದವರ ಬಳಿ ಇದೆ. ಈ ವರ್ಷ ಒರತೆ ಹೋದ ವರ್ಷಕ್ಕಿಂತ ಎಷ್ಟು ಮೇಲೆ ಒಸರಿತು, ನೀರು ತಿಳಿಯಾಗಿತ್ತೇ ಕದಡಿತ್ತೇ ಎಂದು ಗುರುತು ಹಾಕಿ ಬರೆದಿಡುವುದು ಕಷ್ಟದ ಕೆಲಸವಲ್ಲ. ಸೂತ್ರವು ತಪ್ಪು ಹೇಳುವುದು ಆ ಎತ್ತರವನ್ನೇ. ಅದನ್ನು ತಿದ್ದಲು ಬೇಕಾದುದು ಆ ಗುರುತೇ.