ಮರದ ದನಿಯೋ, ತಂತಿಯ ದನಿಯೋ?



ವೀಣೆಗೆ ಹಲಸಿನ ಮರವನ್ನು ಆರಿಸುವುದನ್ನು ನಾವು ಬಲ್ಲೆವು. ಅಲ್ಲಿ ತಂತಿಯೊಡನೆ ಮರವೂ ಮಿಡಿದು ನಾದವನ್ನೀಯುತ್ತದೆ. ವಿದ್ಯುತ್ ಗಿಟಾರಿನ ಬಗೆ ಬೇರೆ. ಅಯಸ್ಕಾಂತದ ಬಳಿ ಉಕ್ಕಿನ ತಂತಿ ಕಂಪಿಸಲು, ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕದಲ್ಲಿ ನಾದವಾಗುತ್ತದೆ. 1932ರಲ್ಲಿ ಅಮೆರಿಕದ ರಿಕನ್‌ಬ್ಯಾಕರ್ ಮತ್ತು ಸಂಗಡಿಗರು ಮಾರಾಟಕ್ಕೆ ತಂದ ‘ಬಾಣಲೆ’ ಎಂಬ ಅಡ್ಡಹೆಸರಿನ ಗಿಟಾರಿನ ಒಡಲು ಎರಕದ ಅಲ್ಯೂಮಿನಿಯಮ್ಮಿನದು. ಮರವಿಲ್ಲದೆಯೂ ಅದು ಹಾಡಿತು. ಮರವು ತಂತಿಯ ಕಂಪನವನ್ನು ಕೊಂಚ ಬದಲಿಸೀತು. ಆದರೆ ತಂತಿ, ಸುರುಳಿ, ಅದರ ಸ್ಥಾನ, ಧ್ವನಿವರ್ಧಕ ಇವುಗಳ ಪ್ರಭಾವವೇ ಹಿರಿದು.

ಉಳಿದುದೆಲ್ಲವನ್ನೂ ಒಂದೇ ತೆರನಾಗಿರಿಸಿ, ಮರವೊಂದನ್ನೇ ಬದಲಿಸಿ, ಕಣ್ಣು ಮುಚ್ಚಿ ಕೇಳಿದಾಗಲೂ ಭೇದ ತೋರಿದರೆ ಮಾತ್ರ ಅದು ಮರದ ಗುಣ. ಮಕ್ಕಳ ವಾದ್ಯಕ್ಕಾಗಿ ಬೆವರಿನ ಹಣ ತೆರುವ ನಾವು, ಮರದ ಹೆಸರಿಗೆ ಮಾರುಹೋಗದೆ ಕಿವಿಯನ್ನೇ ನಂಬೋಣ.