ಒಂದೇ ಬೆಳೆಯ ಮನೆಗೆ ಎರಡನೆಯ ಆಧಾರ



ಮಂಡ್ಯದ ಬೇಸಾಯಗಾರನ ಕೈಗೆ ಕಬ್ಬಿನ ಹಣ ಬರುವುದು ವರ್ಷಕ್ಕೊಮ್ಮೆ. ಮನೆಯ ಖರ್ಚು ಮಾತ್ರ ದಿನವೂ ಬರುತ್ತದೆ. ಈ ನಡುವಿನ ಅಂತರವನ್ನು ಬಹಳ ಮನೆಗಳಲ್ಲಿ ತುಂಬುತ್ತಿರುವುದು ಕೈಸಾಲ. ಉಪಕಸುಬೆಂದರೆ ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸುವ ದಾರಿ ಎಂದು ತಿಳಿಯುವುದು ವಾಡಿಕೆ. ಮುಖ್ಯ ಕಸುಬು ಕೈಕೊಟ್ಟ ವರ್ಷದಲ್ಲಿ ಮನೆ ಬೀಳದಂತೆ ಹಿಡಿದು ನಿಲ್ಲಿಸುವುದು ಅದರ ಮೊದಲ ಕೆಲಸ. ಹೆಚ್ಚಿನ ಸಂಪಾದನೆ ಆಮೇಲಿನ ಮಾತು.

ನಾಲೆ ಬರುವುದಕ್ಕೆ ಮುಂಚೆ ಈ ಸೀಮೆಯ ರೈತನಿಗೆ ಒಂದೇ ಬೆಳೆಯನ್ನು ನಂಬುವ ಅಭ್ಯಾಸವಿರಲಿಲ್ಲ. ರಾಗಿ, ಹುರುಳಿ, ಹುಚ್ಚೆಳ್ಳು, ಹಟ್ಟಿಯಲ್ಲಿ ನಾಲ್ಕು ಕುರಿ, ಕೊಟ್ಟಿಗೆಯಲ್ಲಿ ದನ, ಎಲ್ಲವೂ ಇದ್ದವು. ಕೃಷ್ಣರಾಜಸಾಗರವಾಗಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಖುಷ್ಕಿ ತರಿಯಾಯಿತು, ತರಿಯಲ್ಲಿ ಕಬ್ಬು ಭತ್ತ ನಿಂತವು. ಇದರಿಂದ ಜಿಲ್ಲೆ ಕಂಡ ಏಳಿಗೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಮನೆಯ ಭಾರವೆಲ್ಲ ಎರಡು ಕಂಬಗಳ ಮೇಲೆ ಬಿತ್ತು. ಒಂದು ಅಣೆಕಟ್ಟಿನ ನೀರು, ಇನ್ನೊಂದು ಕಾರ್ಖಾನೆಯ ಗಾಣ.

ಎರಡೂ ಅಲುಗಾಡಿದ್ದನ್ನು ಜಿಲ್ಲೆ ಕಂಡಿದೆ. 2012ರಲ್ಲಿ, 2016ರಲ್ಲಿ ಕಾವೇರಿ ನೀರಿನ ಇಕ್ಕಟ್ಟು ಬಂದಿತು. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟು ತನ್ನ ಪೂರ್ಣ ಮಟ್ಟವಾದ 124.80 ಅಡಿಯನ್ನು ಮುಟ್ಟಲೇ ಇಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಕಬ್ಬು ಅರೆಯದೆ ನಿಂತು 2022ರಲ್ಲಿ ಮತ್ತೆ ಪ್ರಾರಂಭವಾಯಿತು. ಕಬ್ಬು ಸರಬರಾಜಾದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ಶೇಕಡ 15ರಂತೆ ಬಡ್ಡಿ ಸೇರಬೇಕು ಎಂಬ ನಿಯಮ 1966ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ನಿಯಮವಿದ್ದರೂ ಬಾಕಿಗಾಗಿ ರೈತ ರಸ್ತೆಗಿಳಿದದ್ದು ಹಲವು ಬಾರಿ.

ಆದುದರಿಂದ ಉಪಕಸುಬನ್ನು ಆರಿಸುವಾಗ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಲಾಭವೆಷ್ಟು ಎಂಬುದಲ್ಲ. ಕಬ್ಬು ಯಾವ ಕಾರಣಕ್ಕೆ ಕೆಡುತ್ತದೆಯೋ ಇದೂ ಅದೇ ಕಾರಣಕ್ಕೆ ಕೆಡುತ್ತದೆಯೇ ಎಂಬುದು. ಒಂದೇ ಗಾಳಿಗೆ ಎರಡು ಮರವೂ ಉರುಳುವಂತಿದ್ದರೆ ಎರಡನೆಯದನ್ನು ನೆಟ್ಟು ಫಲವಿಲ್ಲ.

ಹಸುವನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆ ಡೇರಿಯಿಂದಾಗಿ ಹಾಲು ಕೊಳ್ಳುವವರಿಲ್ಲ ಎಂಬ ಚಿಂತೆ ಈ ಜಿಲ್ಲೆಯಲ್ಲಿಲ್ಲ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ವ್ಯಾಪಾರ ನಿಂತರೂ ಹಾಲು ಸಂಗ್ರಹಣೆ ನಡೆದೇ ಇತ್ತು. ಆದರೆ ಹಸುವಿನ ಮೇವು ನಾಲೆಯ ಬದುವಿನ ಹುಲ್ಲು ಮತ್ತು ಕಬ್ಬಿನ ಸೋಗೆಯೇ ಆಗಿದ್ದರೆ, ನಾಲೆ ಒಣಗಿದ ತಿಂಗಳೇ ಕೊಟ್ಟಿಗೆಯೂ ಒಣಗುತ್ತದೆ. ಅದಕ್ಕೆ ಮೊದಲೇ ಏರ್ಪಾಡು ಬೇಕು. ಖುಷ್ಕಿಯ ರಾಗಿ ಹುಲ್ಲಿನ ಮೆದೆಯನ್ನು ಒಳ್ಳೆಯ ಬೆಲೆ ಬಂತೆಂದು ಪೂರ್ತಿ ಮಾರಬಾರದು. ಮುಸುಕಿನ ಜೋಳವನ್ನು ಕಾಳು ಹಾಲುದುಂಬಿರುವಾಗ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ಅದುಮಿ ಮುಚ್ಚಿದರೆ ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧ. ಮುಚ್ಚಿಟ್ಟರೆ ಅದು ಬೇಸಿಗೆಯವರೆಗೂ ಕೆಡುವುದಿಲ್ಲ.

ಹತ್ತು ಲೀಟರ್ ಕರೆಯುವ ಹಸುವಿಗೆ ದೇಹಪೋಷಣೆಗೆ ಒಂದೂವರೆಯಿಂದ ಎರಡು ಕಿಲೊ, ಪ್ರತಿ ಎರಡೂವರೆ ಲೀಟರಿಗೆ ಒಂದು ಕಿಲೊ, ಒಟ್ಟು ಆರು ಕಿಲೊ ಹತ್ತಿರ ಪಶು ಆಹಾರ ಬೇಕಾಗುತ್ತದೆ. ಈ ಲೆಕ್ಕ ಬರೆಯದವನಿಗೆ ಹಾಲಿನ ಹಣವೆಲ್ಲ ಲಾಭವೆಂದೇ ಕಾಣುತ್ತದೆ. ಇನ್ನೊಂದು ಮಾತು: ಹಸು ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಎರಡು ಹಸುವಿದ್ದೂ ಒಂದೇ ತಿಂಗಳಲ್ಲಿ ಈಯುವುದಾದರೆ, ಕೈ ಬರಿದಾಗುವುದೂ ಒಂದೇ ತಿಂಗಳಲ್ಲಿ. ಒಂದಕ್ಕೊಂದು ಆರು ತಿಂಗಳ ಅಂತರವಿರುವಂತೆ ಗರ್ಭ ಕಟ್ಟಿಸಿದರೆ ಡೇರಿಯ ಹಣ ನಿಲ್ಲುವುದಿಲ್ಲ. ನಾಲ್ಕು ಹಸುವನ್ನು ಒಮ್ಮೆಗೇ ಸಾಲ ತಂದು ಕಟ್ಟುವುದಕ್ಕಿಂತ ಇದು ಮೇಲು.

ಕೊಳವೆ ಬಾವಿಯಿದ್ದವರಿಗೆ ರೇಷ್ಮೆ ಹೊಂದುತ್ತದೆ. ಹನಿ ನೀರಾವರಿಯಲ್ಲಿ ಹಿಪ್ಪುನೇರಳೆ ಕಬ್ಬಿಗಿಂತ ಬಹಳ ಕಡಿಮೆ ನೀರಿನಲ್ಲಿ ಬರುತ್ತದೆ. ವಿ-1 ತಳಿಯ ತೋಟದಿಂದ ವರ್ಷಕ್ಕೆ ಐದು ಬೆಳೆ ತೆಗೆಯಬಹುದು. ಅರ್ಧ ಎಕರೆಯಿದ್ದರೆ 100 ಮೊಟ್ಟೆಯ ಚಾಕಿ ಹುಳುವಿನಿಂದ ಪ್ರಾರಂಭಿಸಿದರೆ ಸಾಕು. ಚಾಕಿ ಹುಳು ಮನೆಗೆ ಬಂದ ಸುಮಾರು 25 ದಿನಗಳಲ್ಲಿ ಗೂಡು ಬಿಡಿಸಬಹುದು. ಹುಳು ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಖರ್ಚಾಗುವುದು ಕೊನೆಯ ಜ್ವರದಿಂದ ಎದ್ದ ಮೇಲೆ. ಆ ವಾರವೇ ಭತ್ತದ ನಾಟಿಯೋ ಕಬ್ಬಿನ ಕಟಾವೋ ಬಂದರೆ ಮನೆಯವರು ಎತ್ತ ಓಡಬೇಕು? ಮೊಟ್ಟೆಗೆ ಹೇಳುವ ಮುನ್ನ ಇದನ್ನು ಎಣಿಸಿ ನೋಡಬೇಕು. ಪ್ರತಿ ಬೆಳೆಗೂ ಮುನ್ನ ಮನೆ, ತಟ್ಟೆ, ಚಂದ್ರಿಕೆಗಳನ್ನು ಶೇಕಡ 2ರ ಬ್ಲೀಚಿಂಗ್ ಪುಡಿ ಮತ್ತು ಶೇಕಡ 0.3ರ ಅರಳಿದ ಸುಣ್ಣದ ದ್ರಾವಣದಿಂದ ತೊಳೆಯತಕ್ಕದ್ದು. ಊಜಿ ನೊಣಕ್ಕೆ ಕಿಟಕಿ ಬಾಗಿಲಿಗೆ ನೈಲಾನ್ ಪರದೆ. ಪಕ್ಕದ ಹೊಲದವರು ಕೀಟನಾಶಕ ಹೊಡೆಯುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಸೊಪ್ಪಿನ ಮೇಲೆ ಬಿದ್ದ ಹನಿ ಹುಳುವಿಗೆ ವಿಷ.

ರೇಷ್ಮೆಗೂ ಅದರದೇ ಗಂಡಾಂತರವಿದೆ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಇತ್ತ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ಆ ವರ್ಷ ಕಬ್ಬನ್ನೂ ಉಳಿಸಿಕೊಂಡಿದ್ದವನು ಹೇಗೋ ತಡೆದುಕೊಂಡ; ಇದ್ದ ನೆಲವನ್ನೆಲ್ಲ ಹಿಪ್ಪುನೇರಳೆ ಮಾಡಿದ್ದವನಿಗೆ ಬಹಳ ಕಷ್ಟವಾಯಿತು. ಉಪಕಸುಬು ಚೆನ್ನಾಗಿ ನಡೆಯುತ್ತಿದೆಯೆಂದು ಅದನ್ನೇ ಏಕೈಕ ಕಸುಬು ಮಾಡಿಕೊಂಡರೆ ಮತ್ತೆ ಮೊದಲಿನ ಜಾಗಕ್ಕೇ ಬಂದಂತೆ.

ನೀರಾವರಿಯಿಲ್ಲದ ಕಡೆಗೆ ಕುರಿಯೇ ತಕ್ಕದ್ದು. ಬಂಡೂರು ಕುರಿಯ ಹೆಸರು ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದಲೇ ಬಂದದ್ದು; ಮಂಡ್ಯ ತಳಿ ಎಂದು ಕರೆಯುವುದೂ ಇದನ್ನೇ. ಗಿಡ್ಡ ಕಾಲು, ಬಿಗಿಯಾದ ಮೈ, ಹಿಂದಿನಿಂದ ನೋಡಿದರೆ ತೊಡೆಗಳು ಕಮಾನಿನಂತೆ ತುಂಬಿಕೊಂಡಿರುವುದು ಇದರ ಲಕ್ಷಣ. ಮಾಂಸಕ್ಕೆ ಹೆಸರಾದುದರಿಂದ ಬೆರಕೆ ಕುರಿಯೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಸಂತೆಯಲ್ಲಿ ಹೆಸರು ಕೇಳಿ ಕೊಳ್ಳುವುದಕ್ಕಿಂತ ಗುರುತಿನವರ ಹಟ್ಟಿಗೆ ಹೋಗಿ ತಾಯಿಯನ್ನೂ ಟಗರನ್ನೂ ನೋಡಿ ಕೊಳ್ಳುವುದು ಕ್ಷೇಮ. ಹತ್ತು ಹೆಣ್ಣು ಕುರಿ, ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸದಿದ್ದರೆ ಅದರ ಮರಿಗಳೇ ಅದಕ್ಕೆ ಜೊತೆಯಾಗಿ ಮಂದೆ ಕ್ಷೀಣಿಸುತ್ತದೆ. ಮುಂಗಾರಿಗೆ ಮುನ್ನ ಜಂತುಹುಳುವಿನ ಔಷಧ ಮತ್ತು ಕರುಳುಬೇನೆಯ ಲಸಿಕೆ ತಪ್ಪಬಾರದು.

ಬರ ಬಂದಾಗ ಊರಿನವರೆಲ್ಲರೂ ಒಟ್ಟಿಗೆ ಕುರಿ ಹೊಡೆದುಕೊಂಡು ಸಂತೆಗೆ ಹೋಗುತ್ತಾರೆ, ಬೆಲೆ ಬಿದ್ದುಹೋಗುತ್ತದೆ. ಮುಂಗಾರು ಹಿಂದೆ ಬಿದ್ದದ್ದು ಕಂಡಾಗಲೇ ಮುದಿ ಕುರಿ ಮತ್ತು ಹೆಚ್ಚಿನ ಟಗರು ಮರಿಗಳನ್ನು ಮಾರಿ, ಈಯುವ ಹೆಣ್ಣು ಕುರಿಗಳನ್ನು ಇರುವ ಮೇವಿನಲ್ಲಿ ಕಾಪಾಡಿಕೊಂಡರೆ ಮಂದೆ ಉಳಿಯುತ್ತದೆ.

ಮದ್ದೂರಿನ ಎಳನೀರು ಮಾರುಕಟ್ಟೆ ಹೆಸರಾದದ್ದು. ಬದುವಿನಲ್ಲಿ ಹತ್ತು ತೆಂಗು ನೆಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಅದು ಫಲ ಕೊಡಲು ಐದಾರು ವರ್ಷ ಬೇಕಾಗುವುದರಿಂದ ಈ ವರ್ಷದ ಕಷ್ಟಕ್ಕೆ ಆಗುವುದಲ್ಲ.

ಇವೆಲ್ಲದರ ದುಡಿಮೆ ಯಾರದು ಎಂಬುದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ನಸುಕಿನಲ್ಲಿ ಹಾಲು ಕರೆಯುವವಳು, ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕುವವಳು, ಕುರಿಮರಿಗೆ ಸೊಪ್ಪು ಕಟ್ಟುವವಳು ಮನೆಯ ಹೆಣ್ಣುಮಗಳು. ಕಸುಬನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು ಆಕೆಯನ್ನು. ಹಾಲಿನ ಹಣ ಜಮೆಯಾಗುವ ಖಾತೆ ಆಕೆಯ ಹೆಸರಿನಲ್ಲಿದ್ದರೆ ಲೆಕ್ಕವೂ ನೆಟ್ಟಗಿರುತ್ತದೆ, ಹಣವೂ ಹೋಟೆಲು ಬಾಗಿಲು ಮುಟ್ಟದೆ ಮನೆ ಸೇರುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೂ ಇದು ಸಂಬಂಧಪಟ್ಟದ್ದೇ. 2020ರಲ್ಲಿ ಕೆಲಸ ನಿಂತು ಊರಿಗೆ ಬಂದವರಲ್ಲಿ, ಹಟ್ಟಿಯಲ್ಲಿ ಏನಾದರೂ ಇದ್ದ ಮನೆಯ ಮಗನಿಗೆ ಮರುದಿನವೇ ಕೈಗೆ ಕೆಲಸ ಸಿಕ್ಕಿತು. ಸಂಬಳ ಬರುತ್ತಿರುವಾಗಲೇ ಅದರಲ್ಲಿ ಒಂದು ಪಾಲು ನಾಲ್ಕು ಕುರಿಯಾಗಿ ಊರಿನಲ್ಲಿದ್ದರೆ ಒಳ್ಳೆಯದು.

ಪ್ರಾರಂಭಿಸತಕ್ಕದ್ದು ಕಬ್ಬಿನ ಹಣ ಚೆನ್ನಾಗಿ ಬಂದ ವರ್ಷದಲ್ಲಿ, ಸಾಲವಿಲ್ಲದೆ. ಸಾಲ ಬೇಕೇ ಬೇಕೆಂದಾದರೆ ಅದರ ಕಂತನ್ನು ಕಬ್ಬಿನ ಹಣದ ಮೇಲೆ ಎಣಿಸಬಾರದು. ಹಾಲೋ ಗೂಡೋ ತಾನೇ ತೀರಿಸಿಕೊಳ್ಳುವಷ್ಟಕ್ಕೆ ಸಾಲ ನಿಲ್ಲಬೇಕು. ಚೌಕಾಸಿ ಮಾಡಿ ಹಸುವನ್ನೋ ಕುರಿಯನ್ನೋ ಕೊಳ್ಳುವ ಮುನ್ನ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದು ಹೋಗಿರಿ. ಬರುವಾಗ ಮನೆಯವರನ್ನೂ ಕರೆತನ್ನಿ, ಒಂದು ವರ್ಷದ ಖರ್ಚಿನ ಚೀಟಿಯನ್ನೂ ತನ್ನಿ.